ಅಳಿವೆಬಾಗಿಲಿನ ಹುಡುಗರು: ಒಂದು ಫುಟ್‌ಬಾಲ್ ಕ್ಲಬ್ಬಿನ ಹೆಸರಿನ ಚರಿತ್ರೆ

ಹೊಳೆ ಕಡಲನ್ನು ಸೇರುವ ಜಾಗಕ್ಕೆ ನಮ್ಮ ಕರಾವಳಿಯಲ್ಲಿ ಅಳಿವೆ ಎನ್ನುತ್ತೇವೆ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಒಂದಾಗಿ ಸಮುದ್ರಕ್ಕಿಳಿಯುವ, ಬೆಂಗ್ರೆಗೂ ಉಳ್ಳಾಲಕ್ಕೂ ನಡುವಿನ ಜಾಗ ಮೀನುಗಾರರ ಬಾಯಲ್ಲಿ 'ಅಳಿವೆಬಾಗಿಲು'. ದೋಣಿ ಹೊರಗೆ ಹೋಗುವುದೂ ಒಳಗೆ ಬರುವುದೂ ಅಲ್ಲಿಂದಲೇ. ಹಾಗಾಗಿ ನಮಗೆ ಅದು ಬಾಗಿಲು. ಸ್ಪ್ಯಾನಿಷ್ ಮಾತನಾಡುವವರಿಗೆ ಅದೇ ಜಾಗ ಬಾಯಿ. ಬಾಯಿಗೆ ಅವರ ಭಾಷೆಯಲ್ಲಿ 'ಬೋಕಾ'. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ರಿಯಾಚುಯೆಲೊ ಎಂಬ ಚಿಕ್ಕ ಹೊಳೆ, ಆಚೆ ದಡ ಕಾಣದಷ್ಟು ಅಗಲವಾದ ರಿಯೊ ದೆ ಲಾ ಪ್ಲಾತಾವನ್ನು ಸೇರುವಲ್ಲಿ ಒಂದು ಹಳೆಯ ಬಂದರುಕೇರಿ ಇದೆ. ಅದರ ಹೆಸರು ಲಾ ಬೋಕಾ. ಆ ಕೇರಿಯ ಹುಡುಗರು 1905ರಲ್ಲಿ ಕಟ್ಟಿದ ತಂಡ ಬೋಕಾ ಜೂನಿಯರ್ಸ್.

ಮರಡೋನಾ ಆಡಿದ ತಂಡವೆಂದು ನಮ್ಮ ಹುಡುಗರಿಗೆ ಇದರ ಹೆಸರು ಗೊತ್ತು. ವಿಶ್ವಕಪ್ ಬಂತೆಂದರೆ ನಮ್ಮ ಕರಾವಳಿಯ ರಸ್ತೆಗಳಲ್ಲೂ ಅರ್ಜೆಂಟೀನಾದ ಬಿಳಿ-ನೀಲಿ ಬಾವುಟಗಳು ಕಾಣಿಸಿಕೊಳ್ಳುತ್ತವೆ. ಆದರೆ ಆ ಹೆಸರು ಹೇಗೆ ಬಂತೆಂದು ಕೇಳುವವರು ಕಡಿಮೆ. ಇತಿಹಾಸದ ಪಾಠದಲ್ಲಿ ನಾವು ಶಾಸನ, ನಾಣ್ಯ, ಕೈಫಿಯತ್ತುಗಳನ್ನು ಆಕರಗಳೆಂದು ಹೇಳಿಕೊಡುತ್ತೇವೆ. ಒಂದು ಆಟದ ಕ್ಲಬ್ಬಿನ ಹೆಸರೂ ಆಕರವೇ. ಅದನ್ನು ಇಟ್ಟವರು ಅರಸರಲ್ಲ, ಹದಿಹರೆಯದ ಹುಡುಗರು. ಬರೆದದ್ದು ಕಲ್ಲಿನ ಮೇಲಲ್ಲ ಎಂಬುದಷ್ಟೇ ವ್ಯತ್ಯಾಸ.

ಮೊದಲು ಆ ಕೇರಿಯ ವಿಚಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಬಂದರು ನಗರ ಜಿನೋವಾ ಮತ್ತು ಅದರ ಸುತ್ತಲ ಕರಾವಳಿಯಿಂದ ನಾವಿಕರು, ದೋಣಿ ಕಟ್ಟುವ ಬಡಗಿಗಳು, ಹಮಾಲರು ಹಡಗು ಹತ್ತಿ ಅಟ್ಲಾಂಟಿಕ್ ದಾಟಿ ಇಲ್ಲಿ ಇಳಿದರು. ಇಳಿದವರು ದೂರ ಹೋಗಲಿಲ್ಲ. ಕೆಲಸ ಇದ್ದದ್ದು ದಕ್ಕೆಯಲ್ಲಿ, ಮನೆ ಮಾಡಿದ್ದೂ ದಕ್ಕೆಯ ಬೆನ್ನಿಗೇ. ಹೊಳೆ ಉಕ್ಕಿದರೆ ನೀರು ನುಗ್ಗುವ ತಗ್ಗು ನೆಲ. ಹಲಗೆ ಮತ್ತು ತಗಡಿನ ಮನೆಗಳು, ಒಂದೇ ಅಂಗಳದ ಸುತ್ತ ಹತ್ತಾರು ಸಂಸಾರಗಳು. ಆ ತಗಡುಗಳಿಗೆ ಹಡಗಿಗೆ ಬಳಿದು ಉಳಿದ ಬಣ್ಣವನ್ನು ಬಳಿಯುತ್ತಿದ್ದರೆಂದು ಹೇಳುತ್ತಾರೆ. ಒಂದೇ ಗೋಡೆಗೆ ಸಾಲುವಷ್ಟು ಒಂದೇ ಬಣ್ಣ ಸಿಗದೆ ಅರ್ಧ ನೀಲಿ, ಅರ್ಧ ಹಳದಿ. ಇವತ್ತು ಪ್ರವಾಸಿಗರು ಫೋಟೋ ತೆಗೆಯುವ ಆ ಬಣ್ಣಗಳ ಹಿಂದಿನ ಕಾರಣ ಸೌಂದರ್ಯಪ್ರಜ್ಞೆಗಿಂತ ಹೆಚ್ಚಾಗಿ ಬಡತನ.

1871ರಲ್ಲಿ ಬ್ಯೂನಸ್ ಐರಿಸ್‌ಗೆ ಹಳದಿ ಜ್ವರ ಬಡಿಯಿತು. 13 ಸಾವಿರಕ್ಕೂ ಹೆಚ್ಚು ಜನ ಸತ್ತರು. ದುಡ್ಡಿದ್ದವರು ನಗರದ ದಕ್ಷಿಣದ ಕೇರಿಗಳನ್ನು ಬಿಟ್ಟು ಉತ್ತರಕ್ಕೆ ಹೋದರು. ದಕ್ಷಿಣದಲ್ಲಿ ಉಳಿದವರು ಬಡವರು ಮತ್ತು ಹೊಸದಾಗಿ ಹಡಗಿನಿಂದ ಇಳಿದವರು. ಉತ್ತರ-ದಕ್ಷಿಣ ಎಂಬ ಈ ಗೆರೆ ನೆನಪಿರಲಿ, ಮುಂದೆ ಫುಟ್‌ಬಾಲಿನಲ್ಲೂ ಬರುತ್ತದೆ.

ಲಾ ಬೋಕಾದ ಮನೆಮಾತು ಜಿನೋವಾದ ಆಡುನುಡಿ. ಇಟಲಿಯಲ್ಲಿದ್ದಾಗ ಅವರು ತಮ್ಮನ್ನು ಇಟಾಲಿಯನ್ನರು ಎನ್ನುವುದಕ್ಕಿಂತ ಜಿನೋವಾದವರು ಎಂದುಕೊಂಡದ್ದೇ ಹೆಚ್ಚು; ಇಟಲಿ ಒಂದು ದೇಶವಾದದ್ದೇ 1861ರಲ್ಲಿ. ಈ ಕೇರಿಗೆ ತನ್ನದೇ ಆದ ಹಟವೂ ಇತ್ತು. 1882ರಲ್ಲಿ ಒಂದು ಮುಷ್ಕರದ ಹೊತ್ತಿಗೆ ಇಲ್ಲಿನ ಜನ ಜಿನೋವಾದ ಬಾವುಟ ಏರಿಸಿ ತಮ್ಮದೇ ಸ್ವತಂತ್ರ ಗಣರಾಜ್ಯ ಸಾರಿಕೊಂಡರೆಂದೂ, ಅಧ್ಯಕ್ಷ ಹೂಲಿಯೊ ರೋಕಾ ತಾನೇ ಬಂದು ಅದನ್ನು ಇಳಿಸಿದನೆಂದೂ ಕತೆಯಿದೆ. ಕತೆ ಎಷ್ಟು ಬೆಳೆದಿದೆಯೋ ಏನೋ, ಲಾ ಬೋಕಾದವರು ಮಾತ್ರ ಅದನ್ನು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಕತೆಯಲ್ಲದ ಸಂಗತಿಗಳೂ ಇವೆ. 1884ರಲ್ಲಿ ದೇಶದ ಮೊದಲ ಸ್ವಯಂಸೇವಕ ಅಗ್ನಿಶಾಮಕ ದಳವನ್ನು ಕಟ್ಟಿದ್ದು ಈ ಕೇರಿಯವರೇ. ಹಲಗೆ ಮನೆಗೆ ಬೆಂಕಿ ಬಿದ್ದರೆ ಸರಕಾರದ ಬಂಡಿ ಬರುವವರೆಗೆ ಕಾಯಲಾಗುವುದಿಲ್ಲವಷ್ಟೆ. ಅರ್ಜೆಂಟೀನಾದ ಮೊದಲ ಸಮಾಜವಾದಿ ಸಂಸದ ಆಲ್ಫ್ರೆದೊ ಪಲಾಸಿಯೊಸ್ 1904ರಲ್ಲಿ ಗೆದ್ದು ಬಂದದ್ದೂ ಇಲ್ಲಿಂದಲೇ.

ಕೇರಿಯ ಹೆಸರಿನ ಬಗ್ಗೆ ಒಂದು ಸಣ್ಣ ವಿವಾದವಿದೆ. ಜಿನೋವಾದ ಪಕ್ಕದಲ್ಲಿ ಬೊಕ್ಕದಾಸ್ಸೆ ಎಂಬ ಮೀನುಗಾರರ ಹಳ್ಳಿಯಿದೆ. ಅಲ್ಲಿಯೂ ಬಣ್ಣ ಬಣ್ಣದ ಮನೆಗಳು. ತಮ್ಮ ಹಳ್ಳಿಯ ನೆನಪಿಗೆ ವಲಸಿಗರೇ 'ಬೋಕಾ' ಎಂದರೆಂದು ಕೆಲವರ ವಾದ. ಕೇಳಲು ಚೆನ್ನಾಗಿದೆ. ಆದರೆ ಜಿನೋವಾದವರು ಗುಂಪಾಗಿ ಬರುವುದಕ್ಕೆ ಮೊದಲೇ ಆ ಜಾಗಕ್ಕೆ ರಿಯಾಚುಯೆಲೊದ ಬಾಯಿ ಎಂಬ ಹೆಸರಿತ್ತು. ಹಾಗಾಗಿ ಅಳಿವೆಯ ಅರ್ಥವೇ ಸರಿ ಎಂದು ನನಗೆ ತೋರುತ್ತದೆ. ಬಂದವರಿಗೆ ಆ ಹೆಸರು ತಮ್ಮೂರಿನಂತೆ ಕೇಳಿಸಿ ಹಿತವಾಗಿದ್ದರೆ ಆಶ್ಚರ್ಯವಿಲ್ಲ.

ಇನ್ನು ಫುಟ್‌ಬಾಲ್. ಅದು ಅರ್ಜೆಂಟೀನಾಕ್ಕೆ ಬಂದದ್ದು ಬ್ರಿಟಿಷರ ಜೊತೆ: ರೈಲು ಹಾಕಲು, ಬ್ಯಾಂಕು ನಡೆಸಲು, ದನದ ಮಾಂಸ ಸಾಗಿಸಲು ಬಂದವರ ಜೊತೆ. ಆದರೆ ಅದು ಬೇರುಬಿಟ್ಟದ್ದು ಶಾಲೆಯ ಮೈದಾನದಲ್ಲಿ. ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಾದ್ದರಿಂದ ಇಲ್ಲಿ ತುಸು ನಿಲ್ಲುತ್ತೇನೆ. ಸ್ಕಾಟ್ಲೆಂಡಿನ ಮೇಷ್ಟ್ರು ಅಲೆಕ್ಸಾಂಡರ್ ವಾಟ್ಸನ್ ಹಟನ್ 1884ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಇಂಗ್ಲಿಷ್ ಹೈಸ್ಕೂಲ್ ತೆರೆದು, ಪಾಠದಷ್ಟೇ ಮುಖ್ಯವಾಗಿ ಆಟವನ್ನೂ ಇಟ್ಟರು. ಅರ್ಜೆಂಟೀನಾದ ಫುಟ್‌ಬಾಲಿನ ಪಿತಾಮಹನೆಂದು ಇಂದಿಗೂ ಅವರನ್ನೇ ನೆನೆಯುತ್ತಾರೆ. ಆ ಶಾಲೆಯ ಹಳೆ ವಿದ್ಯಾರ್ಥಿಗಳ ತಂಡ ಗೆಲ್ಲುತ್ತಾ ಹೋದಾಗ, ತಂಡಕ್ಕೆ ಶಾಲೆಯ ಹೆಸರಿಟ್ಟರೆ ಶಾಲೆಗೆ ಜಾಹೀರಾತಾಗುತ್ತದೆಂದು ಆಕ್ಷೇಪ ಬಂತು. ಅವರು 1901ರಲ್ಲಿ ಹೆಸರನ್ನು 'ಅಲಮ್ನೈ' ಎಂದು ಬದಲಿಸಿದರು. ಎಂದರೆ ಹಳೆ ವಿದ್ಯಾರ್ಥಿಗಳು, ಅಷ್ಟೇ. ಶಾಲೆಯ ಹೆಸರು ಹೇಳದೆಯೇ ಶಾಲೆಯವರೆಂದು ಹೇಳಿಕೊಂಡ ಜಾಣತನ! ರೊಸಾರಿಯೊ ನಗರದಲ್ಲಿ ಐಸಾಕ್ ನ್ಯೂವೆಲ್ ಎಂಬ ಮೇಷ್ಟ್ರ ಶಾಲೆಯಲ್ಲಿ ಕಲಿತವರು 1903ರಲ್ಲಿ ಕಟ್ಟಿದ ತಂಡಕ್ಕೆ ಗುರುಗಳ ಹೆಸರನ್ನೇ ಇಟ್ಟರು: ನ್ಯೂವೆಲ್ಸ್ ಓಲ್ಡ್ ಬಾಯ್ಸ್. ಮೆಸ್ಸಿ ಬಾಲಕನಾಗಿ ಆಡಿ ಬೆಳೆದದ್ದು ಅಲ್ಲಿ.

ಬೋಕಾದ ಕತೆಯಲ್ಲೂ ಒಬ್ಬ ಮೇಷ್ಟ್ರಿದ್ದಾರೆ. ವಾಣಿಜ್ಯ ಶಾಲೆಯಲ್ಲಿ ಓದುತ್ತಿದ್ದ ಕೇರಿಯ ಕೆಲ ಹುಡುಗರಿಗೆ ವ್ಯಾಯಾಮ ಕಲಿಸುತ್ತಿದ್ದವರು ಪ್ಯಾಡಿ ಮೆಕಾರ್ಥಿ ಎಂಬ ಐರಿಷ್ ಕುಸ್ತಿ-ಬಾಕ್ಸಿಂಗ್ ಪ್ರಿಯರು. ಚೆಂಡಿನ ಹುಚ್ಚು ಹತ್ತಿದ್ದು ಅವರಿಂದ. 1905ರ ಏಪ್ರಿಲ್ 3ರಂದು ಎಸ್ತೆಬಾನ್ ಬಾಲಿಯೆತ್ತೊ ಎಂಬ ಹುಡುಗನ ಮನೆಯಲ್ಲಿ ಸಭೆ ಸೇರಿತು. ಆಲ್ಫ್ರೆದೊ ಸ್ಕಾರ್ಪಾತಿ, ಸಾಂತಿಯಾಗೊ ಸಾನಾ, ಹ್ವಾನ್ ಮತ್ತು ತಿಯೊದೊರೊ ಫರೆಂಗಾ ಸಹೋದರರು ಬಂದಿದ್ದರು. ಗದ್ದಲ ಜೋರಾಗಿ ಮನೆಯವರು ಹೊರಗೆ ಕಳಿಸಿದರಂತೆ. ಹುಡುಗರು ಹೋಗಿ ಸೊಲೀಸ್ ಚೌಕದ ಬೆಂಚಿನ ಮೇಲೆ ಕುಳಿತರು. ಕ್ಲಬ್ಬು ಹುಟ್ಟಿದ್ದು ಅಲ್ಲಿ.

ಹೆಸರಿನ ಚರ್ಚೆ ಸುಲಭದ್ದಾಗಿರಲಿಲ್ಲ. 'ಇಟಲಿಯ ಮಕ್ಕಳು' ಎಂದು ಒಂದು ಸಲಹೆ ಬಂತು. 'ಇಟಲಿಯ ನಕ್ಷತ್ರ' ಎಂದು ಇನ್ನೊಂದು. 'ಬೋಕಾದ ಕಾವಲುಗಾರರು' ಎಂಬ ಅರ್ಥದ ಮತ್ತೊಂದು. ಈ ಪಟ್ಟಿಯನ್ನು ಗಮನವಿಟ್ಟು ನೋಡಬೇಕು. ಹುಡುಗರ ಅಪ್ಪಂದಿರು ಹುಟ್ಟಿದ್ದು ಸಮುದ್ರದಾಚೆ. ಮನೆಯ ಮಾತು, ಅಡುಗೆ, ಜಗಳ ಎಲ್ಲ ಆಚೆಯದೇ. ಹಿರಿಯರು ಹೆಸರಿಟ್ಟಿದ್ದರೆ 'ಇಟಲಿ' ಎಂಬ ಪದ ಬಿಟ್ಟುಹೋಗುತ್ತಿರಲಿಲ್ಲ ಎಂದೇ ನನ್ನ ಊಹೆ. ಆದರೆ ಬೆಂಚಿನ ಮೇಲೆ ಕುಳಿತಿದ್ದವರು ಮಕ್ಕಳು. ಅವರಿಗೆ ಇಟಲಿ ಕೇಳಿದ ಊರು. ಲಾ ಬೋಕಾ ನಡೆದಾಡಿದ ಊರು. ಅವರು ಆರಿಸಿದ್ದು ಕೇರಿಯ ಹೆಸರನ್ನು.

ಅದಕ್ಕೆ 'ಜೂನಿಯರ್ಸ್' ಎಂಬ ಇಂಗ್ಲಿಷ್ ಬಾಲ ಅಂಟಿದ್ದೂ ಅರ್ಥವಿಲ್ಲದೆ ಅಲ್ಲ. ಲಾ ಬೋಕಾ ಎಂದರೆ ಕುಡಿತ, ಹೊಡೆದಾಟ, ದಕ್ಕೆಯ ಒರಟು ಜನ ಎಂದು ನಗರದಲ್ಲಿ ಹೆಸರು ಕೆಟ್ಟಿತ್ತು. ಬರೀ 'ಬೋಕಾ' ಎಂದರೆ ಯಾರು ಆಡಲು ಕರೆಯುತ್ತಾರೆ? ಮರ್ಯಾದಸ್ಥರ ಆಟದ ಭಾಷೆ ಇಂಗ್ಲಿಷ್, ಹಾಗಾಗಿ ಒಂದು ಇಂಗ್ಲಿಷ್ ಪದ. ನಮ್ಮ ಊರುಗಳ ಕ್ರಿಕೆಟ್, ಕಬಡ್ಡಿ ತಂಡಗಳ ಬ್ಯಾನರ್ ನೋಡಿದವರಿಗೆ ಇದು ಹೊಸತಲ್ಲ. ಮುಂದೆ ಊರಿನದೋ ದೈವದ್ದೋ ಹೆಸರು, ಹಿಂದೆ ಫ್ರೆಂಡ್ಸ್, ಬಾಯ್ಸ್, ಬ್ರದರ್ಸ್. ನಮ್ಮ ಕರಾವಳಿಯಿಂದ ಮುಂಬಯಿಗೆ ಹೋದವರ ಮೊದಲ ತಲೆಮಾರು ಕಟ್ಟಿದ ಸಂಘಗಳಿಗೆ ಊರಿನ, ಜಾತಿಯ, ಭಾಷೆಯ ಹೆಸರುಗಳಿವೆ. ಅವರ ಮೊಮ್ಮಕ್ಕಳ ತಂಡಗಳಿಗೆ ತಾವು ಹುಟ್ಟಿ ಬೆಳೆದ ಬಡಾವಣೆಯ ಹೆಸರು ಬಂದರೆ ಅಜ್ಜಂದಿರು ಬೇಸರಪಟ್ಟುಕೊಳ್ಳಬೇಕಾಗಿಲ್ಲ.

ತಂಡದ ಮೊದಲ ಅಂಗಿಗಳು ಬಿಳಿ ಬಟ್ಟೆಯ ಮೇಲೆ ಕಪ್ಪು ಗೀಟಿನವು, ಫರೆಂಗಾಗಳ ಸಹೋದರಿ ಹೊಲಿದುಕೊಟ್ಟದ್ದು. ಆಮೇಲೆ ಬೇರೆ ಬಣ್ಣಗಳೂ ಬಂದುಹೋದವು. ಈಗಿನ ನೀಲಿ-ಹಳದಿ ಬಂದ ಬಗೆ ಹೀಗೆಂದು ಕ್ಲಬ್ಬಿನವರು ಹೇಳುತ್ತಾರೆ: ಯಾವ ಬಣ್ಣವೆಂದು ತೀರ್ಮಾನವಾಗದಿದ್ದಾಗ, ಬಂದರಿನಲ್ಲಿ ಕೆಲಸಕ್ಕಿದ್ದ ಹ್ವಾನ್ ಬ್ರಿಕೆತ್ತೊ, ಮುಂದೆ ಯಾವ ಹಡಗು ಒಳಗೆ ಬರುತ್ತದೋ ಅದರ ಬಾವುಟದ ಬಣ್ಣವೇ ನಮ್ಮದು ಎಂದ. ಬಂದದ್ದು ಸ್ವೀಡನ್ನಿನ ಹಡಗು. ಇದು ನಡೆದದ್ದು 1907ರಲ್ಲಿ ಎನ್ನುತ್ತಾರೆ. ನೀಲಿ ಅಂಗಿಯ ಮೇಲೆ ಹಳದಿ ಪಟ್ಟಿ ಮೊದಲು ಓರೆಯಾಗಿತ್ತು, 1913ರಲ್ಲಿ ಎದೆಗೆ ಅಡ್ಡವಾಯಿತು. ಹೆಸರು ಅಳಿವೆಯಿಂದ, ಬಣ್ಣ ಅಳಿವೆಯೊಳಗೆ ಬಂದ ಹಡಗಿನಿಂದ. ಸ್ವೀಡನ್ನಿಗೂ ಈ ಹುಡುಗರಿಗೂ ಬೇರೆ ಯಾವ ಸಂಬಂಧವೂ ಇರಲಿಲ್ಲ. ಬಂದರಿನ ಮಕ್ಕಳಿಗೆ ಅದರ ಅಗತ್ಯವೂ ಕಾಣಲಿಲ್ಲ.

ಇದೇ ಕೇರಿಯಲ್ಲಿ ನಾಲ್ಕು ವರ್ಷ ಮೊದಲು, 1901ರ ಮೇ 25ರಂದು, ಇನ್ನೊಂದು ಕ್ಲಬ್ ಹುಟ್ಟಿತ್ತು. ದಕ್ಕೆಯಲ್ಲಿ ಇಳಿಸಿದ ಪೆಟ್ಟಿಗೆಗಳನ್ನು ಬದಿಗಿಟ್ಟು ನಾವಿಕರು ಚೆಂಡಾಡುತ್ತಿದ್ದುದನ್ನೂ, ಆ ಪೆಟ್ಟಿಗೆಗಳ ಮೇಲೆ 'ದಿ ರಿವರ್ ಪ್ಲೇಟ್' ಎಂದು ಬರೆದಿದ್ದುದನ್ನೂ ಒಬ್ಬ ಹುಡುಗ ನೋಡಿದನಂತೆ. ರಿಯೊ ದೆ ಲಾ ಪ್ಲಾತಾ ಎಂದರೆ ಬೆಳ್ಳಿಯ ನದಿ. ಅದಕ್ಕೆ ಇಂಗ್ಲಿಷರು ಇಟ್ಟ ಹೆಸರು ರಿವರ್ ಪ್ಲೇಟ್. ಆ ಹೆಸರೇ ಕ್ಲಬ್ಬಿನದಾಯಿತು. ಒಂದು ತಂಡ ಮಹಾನದಿಯ ಹೆಸರು ಹೊತ್ತಿತು, ಇನ್ನೊಂದು ಸಣ್ಣ ಹೊಳೆಯ ಬಾಯಿಯದು. ನದಿಯ ಹೆಸರಿಗೆ ದಡ ಯಾವುದಾದರೂ ನಡೆಯುತ್ತದೆ. 1923ರಲ್ಲಿ ರಿವರ್ ಪ್ಲೇಟ್ ಲಾ ಬೋಕಾವನ್ನು ಬಿಟ್ಟು ಉತ್ತರದ ಅನುಕೂಲಸ್ಥರ ಬಡಾವಣೆಗೆ ಹೋಯಿತು. 1938ರಲ್ಲಿ ಇನ್ನೂ ಉತ್ತರಕ್ಕೆ ಸರಿದು ದೊಡ್ಡ ಕ್ರೀಡಾಂಗಣ ಕಟ್ಟಿತು. 1930ರ ದಶಕದ ಆರಂಭದಲ್ಲಿ ಆಟಗಾರರನ್ನು ಕೊಳ್ಳಲು ಸುರಿದ ಹಣಕ್ಕೆ 'ಕೋಟ್ಯಧೀಶರು' ಎಂಬ ಅಡ್ಡಹೆಸರೂ ಬಂತು. ಹಳದಿ ಜ್ವರದ ಕಾಲದ ಉತ್ತರ-ದಕ್ಷಿಣದ ಗೆರೆ ಮತ್ತೆ ಕಾಣಿಸಿಕೊಂಡದ್ದು ಹೀಗೆ.

ಬೋಕಾ ಜೂನಿಯರ್ಸ್ ಕೂಡ ಒಮ್ಮೆ ಊರು ಬಿಟ್ಟು ನೋಡಿದೆ. ಬಂದರಿನ ಪಕ್ಕದ ಬಾಡಿಗೆ ಮೈದಾನಗಳು ಒಂದೊಂದಾಗಿ ಕೈತಪ್ಪಿದ ಮೇಲೆ, 1914ರಲ್ಲಿ ಅದು ನಗರದ ಹೊರಗಿನ ವಿಲ್ದೆ ಎಂಬಲ್ಲಿಗೆ ಹೋಯಿತು. ಮೈದಾನ ಸಿಕ್ಕಿತು, ಜನ ಬರಲಿಲ್ಲ. ದಕ್ಕೆಯ ಕೆಲಸ ಮುಗಿಸಿ ನಡೆದುಕೊಂಡು ಪಂದ್ಯಕ್ಕೆ ಬರುತ್ತಿದ್ದವನು ಅಷ್ಟು ದೂರ ಹೋಗುವುದು ಹೇಗೆ? ಸದಸ್ಯರ ಸಂಖ್ಯೆ ಇಳಿಯುತ್ತಾ ಹೋಯಿತು. ಎರಡೇ ವರ್ಷದಲ್ಲಿ ಕ್ಲಬ್ ಗಂಟುಮೂಟೆ ಕಟ್ಟಿಕೊಂಡು ಹಿಂತಿರುಗಿ, 1916ರ ಮೇ 25ರಂದು ಲಾ ಬೋಕಾದಲ್ಲೇ ಹೊಸ ಮೈದಾನ ತೆರೆಯಿತು. ಬೋಕಾ ಎಂದು ಹೆಸರಿಟ್ಟುಕೊಂಡ ಮೇಲೆ ಬೋಕಾದಲ್ಲೇ ಇರಬೇಕು ಎಂಬುದನ್ನು ಕ್ಲಬ್ಬಿಗೆ ಕಲಿಸಿದ್ದು ಯಾವ ಸಿದ್ಧಾಂತವೂ ಅಲ್ಲ, ಖಾಲಿ ಮೈದಾನ.

ಜಿನೋವಾವನ್ನು ಹುಡುಗರು ಹೆಸರಿನಿಂದ ಬಿಟ್ಟರೂ ಅದು ಅಡ್ಡಹೆಸರಾಗಿ ಹಿಂದೆಯೇ ಬಂತು. ಬೋಕಾ ಅಭಿಮಾನಿಗಳು ಇಂದಿಗೂ 'ಶೆನೇಸೆ'ಗಳು. ಜಿನೋವಾದವರು ಎಂಬುದಕ್ಕೆ ಜಿನೋವಾದ ಆಡುನುಡಿಯದೇ ಪದ ಅದು. ತಮಾಷೆಯೆಂದರೆ, ಅದೇ ಹೊತ್ತಿಗೆ ಇಟಲಿಯ ಜಿನೋವಾದಲ್ಲಿದ್ದ ಕ್ಲಬ್ಬಿಗೆ ಇಂಗ್ಲಿಷ್ ಹೆಸರಿತ್ತು. 1893ರಲ್ಲಿ ಅಲ್ಲಿನ ಇಂಗ್ಲಿಷರು ಕಟ್ಟಿದ ಆ ಕ್ಲಬ್ ತನ್ನನ್ನು ಇಟಲಿಯವರಂತೆ 'ಜೆನೊವಾ' ಎನ್ನದೆ ಇಂಗ್ಲಿಷರಂತೆ 'ಜೆನೋಅ' ಎಂದು ಕರೆದುಕೊಂಡಿತು. ಮೊದಮೊದಲು ಇಟಾಲಿಯನ್ನರಿಗೆ ಅದರಲ್ಲಿ ಪ್ರವೇಶವೇ ಇರಲಿಲ್ಲ. 1928ರಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಆಡಳಿತ ಅದನ್ನು ಬಲವಂತವಾಗಿ ಇಟಾಲಿಯನ್ ಹೆಸರಿಗೆ ಬದಲಿಸಿತು. ಯುದ್ಧ ಮುಗಿದ ಮೇಲೆ ಕ್ಲಬ್ಬಿನವರು ಹಳೆಯ ಇಂಗ್ಲಿಷ್ ಹೆಸರನ್ನೇ ಮತ್ತೆ ತಂದರು. ಅಷ್ಟರಲ್ಲಿ ಆ ಪರದೇಶಿ ಹೆಸರು ಅವರ ಸ್ವಂತದ್ದಾಗಿತ್ತು. ಯಾವುದು ಸ್ವದೇಶಿ ಹೆಸರು, ಯಾವುದು ಪರದೇಶಿ ಎಂಬುದನ್ನು ಸರಕಾರದ ಆದೇಶದಿಂದ ತೀರ್ಮಾನಿಸಲು ಹೊರಟವರಿಗೆ ಇದು ತೊಡಕಿನ ಉದಾಹರಣೆ.

ಬೋಕಾದವರಿಗೆ ಇನ್ನೊಂದು ಹೆಸರಿದೆ, ಅದು ಎದುರಾಳಿಗಳು ಕೊಟ್ಟದ್ದು: 'ಬೊಸ್ತೆರೊ'. ಲದ್ದಿ ಬಾಚುವವರು ಎಂದು ಇಟ್ಟುಕೊಳ್ಳಿ. ಮೈದಾನದ ಸುತ್ತ ಇಟ್ಟಿಗೆ ಮಾಡಲು ಕುದುರೆ ಲದ್ದಿ ಬಳಸುತ್ತಿದ್ದರು, ನಾತ ಹೊಡೆಯುತ್ತಿತ್ತು ಎಂಬುದು ಮೂದಲಿಕೆಯ ಮೂಲ. ಕೇರಿಯವರು ಸಿಟ್ಟಾಗುವ ಬದಲು ಅದನ್ನೇ ಹಾಡು ಮಾಡಿಕೊಂಡರು. ಮೀನಿನ ವಾಸನೆಯ ಮೂದಲಿಕೆ ಕೇಳಿ ಬೆಳೆದ ನಮ್ಮ ಕಡಲತಡಿಯ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೆಸರುಗಳ ಈ ಊರಿನಲ್ಲಿ ಒಬ್ಬ ಚಿತ್ರಕಾರನನ್ನೂ ನೆನೆಯಬೇಕು. 1890ರಲ್ಲಿ ಹೆತ್ತವರು ಅನಾಥಾಲಯಕ್ಕೆ ಬಿಟ್ಟುಹೋದ ಮಗುವೊಂದನ್ನು ಲಾ ಬೋಕಾದ ಇದ್ದಿಲು ವ್ಯಾಪಾರಿ ಕಿಂಕೆಲ್ಲಾ ದಂಪತಿ ಸಾಕಿದರು. ಸಾಕುತಂದೆಯ ಇಟಾಲಿಯನ್ ಹೆಸರನ್ನು ಸ್ಪ್ಯಾನಿಷ್ ಕಾಗುಣಿತದಲ್ಲಿ ಬರೆದುಕೊಂಡು ಆತ ಬೆನಿತೊ ಕಿಂಕೆಲಾ ಮಾರ್ತಿನ್ ಆದ. ಬಂದರಿನಲ್ಲಿ ಇದ್ದಿಲು ಹೊತ್ತವನು, ಜೀವನವಿಡೀ ಬಂದರನ್ನೇ ಬರೆದ. ಚಿತ್ರ ಮಾರಿ ಬಂದ ಹಣದಲ್ಲಿ ಹೊಳೆಯ ದಡದಲ್ಲಿ ಜಾಗ ಕೊಂಡು ದಾನ ಕೊಟ್ಟ; ಅಲ್ಲಿ 1936ರಲ್ಲಿ ಒಂದು ಶಾಲೆ ಎದ್ದಿತು. ತರಗತಿಗಳ ಗೋಡೆಗೆ ತಾನೇ ಬಂದರಿನ ದುಡಿಮೆಯ ಚಿತ್ರಗಳನ್ನು ಬರೆದ. ಆ ಶಾಲೆ ಈಗಲೂ ನಡೆಯುತ್ತಿದೆ.

1925ರಲ್ಲಿ ಬೋಕಾ ಯುರೋಪ್ ಪ್ರವಾಸ ಹೋಗಿ 19 ಪಂದ್ಯಗಳಲ್ಲಿ 15 ಗೆದ್ದಿತು. ಅಲ್ಲಿಂದಾಚೆಗೆ ಅದು ಒಂದು ಕೇರಿಯ ತಂಡವಾಗಿ ಉಳಿಯಲಿಲ್ಲ. ದೇಶದ ಅರ್ಧಕ್ಕಿಂತ ಒಬ್ಬರು ಹೆಚ್ಚು ಜನ ನಮ್ಮವರು ಎಂಬುದು ಅಭಿಮಾನಿಗಳ ಹೆಮ್ಮೆಯ ಮಾತು. ಲಾ ಬೋಕಾದಲ್ಲಿ ಕಾಲಿಡದವನೂ 'ನಾನು ಬೋಕಾ' ಎನ್ನುತ್ತಾನೆ. ಕೇರಿಯ ಹೆಸರು ದೇಶದ ಹೆಸರಾದಾಗ ಕೇರಿಗೆ ಏನು ಉಳಿಯುತ್ತದೆ? ಇದು ಬರೀ ತರ್ಕದ ಪ್ರಶ್ನೆಯಲ್ಲ. 1940ರ ಮೇ 25ರಂದು ತೆರೆದ ಕ್ರೀಡಾಂಗಣವನ್ನು ನೋಡಿದರೆ ಅರ್ಥವಾಗುತ್ತದೆ. ಇಕ್ಕಟ್ಟಾದ ಜಾಗ, ಸುತ್ತ ಬೀದಿ, ಮನೆ, ಹಿಂದೆ ರೈಲು ಹಳಿ. ಮೂರು ಕಡೆ ಮೆಟ್ಟಿಲುಗಳು ಗೋಡೆಯಂತೆ ಕಡಿದಾಗಿ ಏರಿವೆ, ನಾಲ್ಕನೆಯ ಕಡೆ ಚಪ್ಪಟೆ. ಮಿಠಾಯಿ ಡಬ್ಬಿಯ ಹಾಗಿದೆಯೆಂದು 'ಬೊಂಬೊನೇರಾ' ಎಂಬ ಹೆಸರು ಬಂತು. ಅಧಿಕೃತವಾಗಿ ಅದಕ್ಕೆ ಮಾಜಿ ಅಧ್ಯಕ್ಷ ಆಲ್ಬೆರ್ತೊ ಅರ್ಮಾಂದೊ ಹೆಸರಿದೆ. ಹಾಗೆ ಕರೆಯುವವರು ಸಿಗುವುದು ಕಷ್ಟ.

50 ಸಾವಿರಕ್ಕೂ ಹೆಚ್ಚು ಜನ ಹಿಡಿಸಿದರೂ ಡಬ್ಬಿ ಸಾಲದು. 1960ರ ದಶಕದಲ್ಲಿ ಅದೇ ಅರ್ಮಾಂದೊ, ನದಿಯನ್ನು ತುಂಬಿಸಿ ನೆಲ ಮಾಡಿ, ಅದರ ಮೇಲೆ ಮಹಾ ಕ್ರೀಡಾನಗರ ಕಟ್ಟುವ ಯೋಜನೆ ಹಾಕಿದರು. ಹೊಸ ಕ್ರೀಡಾಂಗಣ 1975ರ ಮೇ 25ಕ್ಕೆ ತೆರೆಯುತ್ತದೆಂದು ಮಾತೂ ಕೊಟ್ಟರು. ಆ ದಿನ ಬಂತು, ಕ್ರೀಡಾಂಗಣ ಬರಲಿಲ್ಲ. ಆಮೇಲೂ ಬೇರೆ ಕಡೆ ಹೋಗುವ ಮಾತು ಎದ್ದಾಗಲೆಲ್ಲ ಅಭಿಮಾನಿಗಳೇ ಅಡ್ಡ ನಿಂತಿದ್ದಾರೆ. ಲಾ ಬೋಕಾ ಬಿಟ್ಟ ಬೋಕಾ ಅವರಿಗೆ ಬೇಡ.

ಉಳಿದ ದಾರಿ ಇದ್ದಲ್ಲೇ ದೊಡ್ಡದು ಮಾಡುವುದು. ಅದಕ್ಕೆ ಚಪ್ಪಟೆ ಬದಿಯ ಆಚೆಗಿನ ಮನೆಗಳ ಜಾಗ ಬೇಕು. ಅಲ್ಲಿ ವಾಸಿಸುವವರಲ್ಲಿ ಹಲವರು ಮಾರಲು ಒಪ್ಪುವುದಿಲ್ಲ. ಬಂದರಿನ ವ್ಯಾಪಾರ ಎಂದೋ ಬೇರೆಡೆಗೆ ಸರಿದಿದೆ, ರಿಯಾಚುಯೆಲೊದ ನೀರು ಕಾರ್ಖಾನೆಗಳ ಕೊಳೆಯಿಂದ ಕಪ್ಪಾಗಿದೆ, ಜಿನೋವಾದ ಮಾತು ಬೀದಿಯಲ್ಲಿ ಕೇಳಿಸುವುದಿಲ್ಲ. ಆ ಮನೆಗಳವರು ಮಾತ್ರ ಪಂದ್ಯದ ದಿನ ಕಿಟಕಿ ನಡುಗುವುದನ್ನು ಸಹಿಸಿಕೊಂಡು ಅಲ್ಲೇ ಇದ್ದಾರೆ. ಕ್ಲಬ್ಬಿನವರು ಮಾತುಕತೆಗೆ ಬಂದಾಗ ಅವರು ಹೇಳುವುದೂ ತಾವು ಬೋಕಾದವರು ಎಂದೇ.